ಮೂಸಬಾರದ ಹೂವು

ನಮ್ಮ ಸುಗಂಧರಾಜ ಸೊಲ್ಲಾಪುರದ ಪೇಟೆಗೆ ಹೊರಟಿದ್ದು ಅದೇ ಮೊದಲು. ಇಂಗಳೇಶ್ವರದ ಹೊಲದ ಮೂಲೆಯಲ್ಲಿ ಅದನ್ನು ಹಟ ಹಿಡಿದು ನೆಟ್ಟವಳು ನಾನು. ಮಾವನವರಿಗೆ ಅದು ಸೊಸೆಯ ಹುಚ್ಚು. "ಈ ಸಲ ಹೂವು ಪ್ಯಾಟಿಗೆ ಚಲೋತಂಗ ಮುಟ್ಟಿದ್ರ ಇರಲಿ. ಇಲ್ಲಂದ್ರ ಗಡ್ಡಿ ಕಿತ್ತು ತೊಗರಿ ಬಿತ್ತತೇನಿ," ಎಂದು ಹೇಳಿಯೇ ಬಾಡಿಗೆ ಟೆಂಪೋ ಹತ್ತಿದ್ದರು.

ನಸುಕಿನಲ್ಲಿ ಬಿಡಿಸಿದ ಮೊಗ್ಗುಗಳನ್ನು ಗೋಣಿಚೀಲಕ್ಕೆ ತುಂಬಿ, ಮೆಂತೆಪಲ್ಲೆಯನ್ನು ಸಂತೆಗೆ ಒಯ್ಯುವ ರೂಢಿಯಂತೆ ಮಾವ ನೀರು ಚಿಮುಕಿಸಿ ಬಿಗಿಯಾಗಿ ಕಟ್ಟಿದ್ದರು. ಚೀಲಗಳ ಆಚೆ ಅವರು, ಈಚೆ ನಾನು. ತಾಡಪತ್ರಿಯ ತೂತುಗಳಿಂದ ಬಿಸಿಲಿನ ಚುಕ್ಕಿಗಳು ಇಳಿದು ನನ್ನ ಸೀರೆಯ ಮೇಲೆ ಓಡಾಡುತ್ತಿದ್ದವು. ಜೊಂಪಿನಲ್ಲಿ ವಿಜಯಪುರ ಯಾವಾಗ ಬಂತೋ, ಯಾವಾಗ ಹೋಯಿತೋ. ಮಾವ ಮಾತ್ರ ಮೂಗಿಗೆ ಟವೆಲ್ ಕಟ್ಟಿಕೊಂಡು ನೆಟ್ಟಗೆ ಕೂತಿದ್ದರು. ದೇವರಿಗೆ ಏರುವ ಹೂವನ್ನು ನಾವು ಮೊದಲೇ ಮೂಸಬಾರದು. ನಮ್ಮ ಮನೆಯಲ್ಲಿ ಹೂವು ಬಿಡಿಸುವಾಗಲೂ ಸೆರಗು ಮೂಗಿನ ಮೇಲೇ ಇರುತ್ತದೆ.

ಝಳಕಿಯ ಹತ್ತಿರ ಚಾಲಕ ಚಹಾಕ್ಕೆ ನಿಲ್ಲಿಸಿದ. ನಾನು ಒರಗಿದ್ದ ಚೀಲ ಮಲಗಿದ ಕೂಸಿನ ಬೆನ್ನಿನ ಹಾಗೆ ಬೆಚ್ಚಗಿತ್ತು. ಹಾಯೆನಿಸಿ ಕಣ್ಣು ಮುಚ್ಚಿಯೇ ಇನ್ನಷ್ಟು ಒತ್ತಿಕೊಂಡೆ. ಆಮೇಲೆ ಥಟ್ಟನೆ ಎದ್ದು ಕೂತೆ. ಹೂವು ಬೆಚ್ಚಗೆ ಯಾಕಿರಬೇಕು?

ಚೀಲದ ಬಾಯಿ ಬಿಚ್ಚಿ ಸೆರಗು ಸರಿಸಿದೆ.

"ಯವ್ವಾ, ಏನ್ ಮಾಡಾಕತ್ತಿ? ಮೂಸಬ್ಯಾಡ, ಎಂಜಲಾಗ್ತೈತಿ."

"ಕೊಳತದ್ದು ದೇವರಿಗೆ ನಡೀತೈತೇನ್ರಿ ಮಾವಾರ?" ಎಂದು ಮೂಗನ್ನು ಒಳಗೇ ಇಟ್ಟೆ. ಮೇಲೆ ಪರಿಮಳ, ಅಡಿಯಲ್ಲಿ ಹುಳಿತ ಹಿಟ್ಟಿನ ವಾಸನೆ. "ಒಳಗ ಕಾವು ಏರೈತ್ರಿ. ನೀರು ಹೊಡೆದು ಬಿಗಿದದ್ದಕ್ಕ ಹಿಂಗಾಗೈತಿ."

ಮಾವ ನಿಧಾನಕ್ಕೆ ಟವೆಲ್ ಬಿಚ್ಚಿ ಇನ್ನೊಂದು ಚೀಲಕ್ಕೆ ಮುಖ ತಗ್ಗಿಸಿದರು. ಬೇವಿನ ನೆರಳಿನಲ್ಲಿ ತಾಡಪತ್ರಿ ಹಾಸಿ ಎಲ್ಲ ಹರವಿದೆವು, ಕಂದಿದ್ದನ್ನು ಆರಿಸಿ ಚೆಲ್ಲಿದೆವು. ಉಳಿದದ್ದು ಅರ್ಧ. ಸೊಲ್ಲಾಪುರದಲ್ಲಿ ಮಾಲೆ ಕಟ್ಟುವವರು ಅದನ್ನು ತಕರಾರಿಲ್ಲದೆ ಕೊಂಡರು. ಆದರೂ ಅರ್ಧ ಅಂದರೆ ಅರ್ಧವೇ. ಇನ್ನು ತೊಗರಿಯೇ ಗತಿ ಎಂದುಕೊಂಡು ವಾಪಸು ಬರುವ ಟೆಂಪೋದಲ್ಲಿ ಖಾಲಿ ಚೀಲಗಳ ಮೇಲೆ ಕುಳಿತೆ.

ಬಾಗೇವಾಡಿ ದಾಟಿದ ಮೇಲೆ ಮಾವ ಊರ ತಿರುವಿನಲ್ಲಿ ನಮ್ಮ ಹೊಲದ ಕಡೆ ನೋಡುತ್ತ ಹೇಳಿದರು: "ಸುಗಂಧರಾಜದ ಮಡಿ ಬಿರಕ ಬಿಟ್ಟಾವು. ನಾಳೆ ನೀರು ಹಾಯಿಸಬೇಕವ್ವ."

ನಾನು ಕೂತಿದ್ದ ಚೀಲಗಳನ್ನು ಕೊಡವಿ, ಮುಂದಿನ ಹೂವಿಗೆಂದು ಮಡಚಿಟ್ಟೆ.