ಕುರ್ಚಿ ಬದಲಾದ ಭಾನುವಾರ

2006, ಆಗಸ್ಟ್ 20, ಭಾನುವಾರ. ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ನಾನೂ ನನ್ನ ಗೆಳತಿಯೂ ಶಿವಾಜಿನಗರದ ಬ್ರೌಸಿಂಗ್ ಸೆಂಟರಿಗೆ ಹೋದೆವು ಎಂದು ನನ್ನ ದಿನಚರಿಯಲ್ಲಿದೆ. ಆನ್‌ಲೈನ್ ಇಂಜಿನಿಯರಿಂಗ್ ಪದವಿಯ ಕೊನೆಯ ವರ್ಷ, ಕೊನೆಯ ಪರೀಕ್ಷೆ.

ನಾವಿಬ್ಬರೂ ಡಿಪ್ಲೊಮಾದವರು. ಕೆ.ಆರ್. ಪುರದಾಚೆಯ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸ, ಸೆಕೆಂಡ್ ಶಿಫ್ಟ್. ಮಧ್ಯಾಹ್ನ ಎರಡಕ್ಕೆ ಒಳಗೆ ಹೋದರೆ ಹಲಸೂರಿನ ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. ಮಗ ಶಾಲೆಯಿಂದ ಬರುವಾಗ ನಾನಿಲ್ಲ, ನಾನು ಬರುವಾಗ ಅವನು ನಿದ್ದೆಯಲ್ಲಿ. ಅವನ ಎಚ್ಚರದಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಬೆಳಿಗ್ಗೆ ಶಾಲೆಗೆ ಮುಂಚಿನ ಒಂದು ತಾಸು. ಸ್ನಾನ, ತಲೆ ಬಾಚುವುದು, ಬೂಟಿನ ಲೇಸು. ಲೇಸು ಕಟ್ಟುವಾಗ ದಿನಾ ಅದೇ ಪ್ರಶ್ನೆ: "ಇವತ್ತು ಭಾನುವಾರನಾ ಅಮ್ಮ?"

ಪದವಿ ಸಿಕ್ಕರೆ ಡಿಸೈನ್ ವಿಭಾಗಕ್ಕೆ ಹೋಗಬಹುದಿತ್ತು. ಅಲ್ಲಿ ಹಗಲಿನ ಕೆಲಸ, ಸಂಜೆ ಆರೂವರೆಗೆ ಮನೆ. ನಾನು ಓದಿದ್ದು ಅದಕ್ಕೇ.

ಆದರೆ ಓದಲು ಸಿಗುತ್ತಿದ್ದದ್ದೂ ಭಾನುವಾರವೇ. ಗಂಡ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿದ್ದರು. ಅವರಿಗೆ ಅಂದೇ ವ್ಯಾಪಾರ ಜೋರು. ಮಗ ಅತ್ತೆಯ ಬಳಿ ಉಳಿಯುತ್ತಿದ್ದ. "ಹೊರಟ್ರಾ ಇಂಜಿನಿಯರಮ್ಮ? ಸಾರಿಗೆ ಉಪ್ಪು ಎಷ್ಟು ಅಂತ ಆ ಕಂಪ್ಯೂಟರ್‌ನೂ ಒಂದ್ಸಲ ಕೇಳ್ಕೊಂಡ್ ಬನ್ನಿ" ಎನ್ನುತ್ತಿದ್ದರು ಅತ್ತೆ.

ಆ ದಿನ ಸೆಂಟರಿನಲ್ಲಿ ಬಾಗಿಲ ಪಕ್ಕದ ಒಂದೇ ಕಂಪ್ಯೂಟರಿನಲ್ಲಿ ಪರೀಕ್ಷೆಯ ಪುಟ ತೆರೆಯಿತು. "ಬಾಕಿ ಎಲ್ಲಾ ಸ್ಲೋ ಮೇಡಂ, ಒಬ್ರಾದ್ಮೇಲೆ ಒಬ್ರು ಬರ್ಕೊಳ್ಳಿ" ಎಂದ ಮಾಲೀಕ. ಗೆಳತಿ ನನಗಿಂತ ಚಿಕ್ಕವಳು. ಮೊದಲು ಅವಳೇ ಕುಳಿತಳು. ಹನ್ನೆರಡರ ಹೊತ್ತಿಗೆ ಮುಗಿಸಿ ಎದ್ದು, "ಬಾ ಅಕ್ಕ, ಸೀಟ್ ಬಿಸಿಯಾಗಿಟ್ಟಿದೀನಿ" ಎಂದು ನಕ್ಕಳು. ನಾನು ಕುಳಿತೆ.

ಕಾರ್ಖಾನೆಯಲ್ಲಿ ನಾವು ಕೂರುವುದೇ ಹಾಗೆ. ಬೋರ್ಡು ಪರೀಕ್ಷಿಸುವ ಯಂತ್ರವನ್ನು ಆಫ್ ಮಾಡುವಂತಿಲ್ಲ. ಮಾಡಿದರೆ ಮತ್ತೆ ಹದಕ್ಕೆ ಬರಲು ಮುಕ್ಕಾಲು ಗಂಟೆ ಬೇಕು. ಒಬ್ಬರು ಎದ್ದರೆ ಇನ್ನೊಬ್ಬರು ಕೂತು ಕೆಲಸ ಮುಂದುವರಿಸುತ್ತಾರೆ. ಪರದೆಯ ಮೂಲೆಯಲ್ಲಿ ಅದನ್ನು ಶುರುಮಾಡಿದವರ ಹೆಸರೇ ಇರುತ್ತದೆ, ಯಾರೂ ಅದನ್ನು ನೋಡುವುದಿಲ್ಲ. ವರ್ಷಗಟ್ಟಲೆ ಹಾಗೆ ಕೂತ ನಮಗೆ ಅಂದೂ ಬೇರೇನೂ ಹೊಳೆಯಲಿಲ್ಲ. ಅವಳು ತನ್ನ ಖಾತೆಯಿಂದ ಹೊರಬರಲಿಲ್ಲ, ನಾನು ನನ್ನ ಖಾತೆಯನ್ನು ತೆರೆಯಲಿಲ್ಲ. ಪುಟದ ಕೆಳಗೆ ಮತ್ತೆ ಆರಂಭಿಸುವ ಗುಂಡಿ ಇತ್ತು, ಒತ್ತಿದೆ. ಮೂಲೆಯಲ್ಲಿದ್ದದ್ದು ಅವಳ ಹೆಸರು. ಎರಡು ಗಂಟೆ ಅದರಡಿಯಲ್ಲೇ ಬರೆದೆ.

ಅಕ್ಟೋಬರಿನಲ್ಲಿ ಫಲಿತಾಂಶ ಬಂತು. ನನ್ನ ಹೆಸರಿನ ಮುಂದೆ ಗೈರುಹಾಜರಿ. ಅವಳ ಮುಂದೆ, ಎರಡು ಬಾರಿ ಬರೆದಿದ್ದಾರೆ, ಫಲಿತಾಂಶ ತಡೆಹಿಡಿಯಲಾಗಿದೆ ಎಂದಿತ್ತು.

ಕೋರ್ಸಿನ ಕಚೇರಿ ಇಂದಿರಾನಗರದ ಒಂದು ಬಂಗಲೆಯಲ್ಲಿತ್ತು. ಇಬ್ಬರೂ ಹೋಗಿ ನಡೆದದ್ದನ್ನೆಲ್ಲ ಹೇಳಿದೆವು. ಗುಮಾಸ್ತ ಸಮಾಧಾನದಿಂದಲೇ ಕೇಳಿಸಿಕೊಂಡ. "ನೀವ್ ಹೇಳೋದು ನಿಜಾನೇ ಇರ್ಬೋದು ಮೇಡಂ. ಆದ್ರೆ ಸಿಸ್ಟಮ್‌ನಲ್ಲಿ ನೀವು ಬಂದೇ ಇಲ್ವಲ್ಲ" ಎಂದ. ಮನವಿ ಬರೆದುಕೊಟ್ಟು ಬಂದೆವು.

ಬಸ್ ಸ್ಟಾಪಿನಲ್ಲಿ ಗೆಳತಿ ನನ್ನ ಮುಖ ನೋಡದೆ ಹೇಳಿದಳು: "ನೀನಾದ್ರೆ ಮುಂದಿನ ಸಲ ಬರೀಬೋದು ಅಕ್ಕ. ನಂದು ಕಳ್ಳತನ ಅಂತ ಆಗೋಯ್ತು." ಮರುವಾರ ಕಾರ್ಖಾನೆಯಲ್ಲಿ ಅವಳು ಬೇರೆ ಬೆಂಚಿಗೆ ಹೋದಳು.

ಮುಂದಿನ ಸಲ ಬರಲೇ ಇಲ್ಲ. ಮಾರ್ಚಿನಲ್ಲಿ ಮನವಿ ಏನಾಯಿತೆಂದು ವಿಚಾರಿಸಲು ಹೋದಾಗ ಬಂಗಲೆಗೆ ಬೀಗ ಬಿದ್ದಿತ್ತು, ವೆಬ್‌ಸೈಟೂ ತೆರೆಯಲಿಲ್ಲ. ಈಗ ಅಲ್ಲೊಂದು ರೆಸ್ಟೋರೆಂಟು ಇದೆ. ಡಿಸೈನ್ ವಿಭಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು.

ಮೂರು ವರ್ಷವಾಯಿತು. ನಾನಿನ್ನೂ ಸೆಕೆಂಡ್ ಶಿಫ್ಟಿನಲ್ಲಿದ್ದೇನೆ. ಮಗ ಲೇಸು ತಾನೇ ಕಟ್ಟಿಕೊಳ್ಳುತ್ತಾನೆ, ಭಾನುವಾರದ ಮಾತೆತ್ತುವುದಿಲ್ಲ. ನನಗೆ ಭಾನುವಾರ ಪೂರ್ತಿ ಬಿಡುವಿದೆ. ತಿಂಡಿ ತಿಂದವನೇ ಅವನು ಆಡಲು ಓಡುತ್ತಾನೆ.

ಆ ಕಚೇರಿಯಲ್ಲಿ ಕೆಲಸ ಮಾಡಿದವರೋ ಆ ಪರೀಕ್ಷೆ ಬರೆದವರೋ ಇದನ್ನು ಓದಿದರೆ, ತಡೆಹಿಡಿದ ಉತ್ತರಗಳು ಈಗ ಯಾರ ಬಳಿ ಇವೆ ಎಂಬುದನ್ನು ಈ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಬರೆದು ತಿಳಿಸಿ. ಆ ದಿನ ಹನ್ನೆರಡು ಗಂಟೆಗೆ ಮುಂಚೆ ಬರೆದವೆಲ್ಲ ಅವಳವೇ. ಅಷ್ಟನ್ನಾದರೂ ಅವಳಿಗೆ ಕೊಡಿಸಬೇಕು.