ತಂಬಿಗೆ ಗಿಡಗಳ ಚನ್ನಮ್ಮ

ಚನ್ನಮ್ಮ ಹೆಬ್ಬಳ್ಳಿ ತಮ್ಮ ಮನೆಯ ತಾರಸಿಯ ಮೇಲೆ ಎರಡು ವರ್ಷ ಸಾಕಿದ ಮೂವತ್ತು ಗಿಡಗಳನ್ನು, ಅವರು ಕೆಲಸಕ್ಕೆ ಹೋಗಿದ್ದ ಹೊತ್ತು ನೋಡಿ, ಗುತ್ತಿಗೆದಾರರ ವ್ಯಾನು ಬಂದು ತುಂಬಿಕೊಂಡು ಹೋಯಿತು. ಕಂಪನಿಯ ಕಸದಿಂದ ಹೆಕ್ಕಿ ತಂದವುಗಳಾದ್ದರಿಂದ ಅವು ಕಂಪನಿಯ ಆಸ್ತಿ ಎಂದು ಹೇಳಲಾಯಿತು. ಮರುದಿನ ಬೆಳಿಗ್ಗೆ ಕೋಲ್ಕತ್ತೆಯ ಸಾಲ್ಟ್ ಲೇಕಿನ ಕಚೇರಿಯಲ್ಲಿ ಅವೇ ಗಿಡಗಳ ಎಲೆ ಒರೆಸುವ ಕೆಲಸವನ್ನು ಚನ್ನಮ್ಮನವರಿಗೆ ಹಚ್ಚಿದರು. ಅವರು ಒರೆಸಿದರು.

ಅದು ಹೋದ ಮಳೆಗಾಲದ ಸಂಗತಿ. ಈಗ ದುರ್ಗಾಪೂಜೆ ಮುಗಿದಿದೆ, ಬೆಳಗಿನ ಗಾಳಿಗೆ ಸಣ್ಣ ಚಳಿ ಸೇರಿಕೊಂಡಿದೆ. ಸಾಲ್ಟ್ ಲೇಕಿನ ಐಟಿ ಬಡಾವಣೆಯಾದ ಸೆಕ್ಟರ್ ಫೈವ್‌ನ ಗಾಜಿನ ಕಟ್ಟಡಗಳಲ್ಲಿ ರಾತ್ರಿ ಪಾಳಿಯವರು ಕಣ್ಣುಜ್ಜಿಕೊಂಡು ಇಳಿಯುತ್ತಿರುವಾಗ ಚನ್ನಮ್ಮ ಸಾಮಾನಿನ ಲಿಫ್ಟು ಹತ್ತುತ್ತಾರೆ. ಒಂದು ಕೈಯಲ್ಲಿ ಉದ್ದ ಮೂತಿಯ ನೀರಿನ ಡಬ್ಬಿ, ಇನ್ನೊಂದರಲ್ಲಿ ಹಳೆಯ ಬನಿಯನ್ ಹರಿದು ಮಾಡಿದ ಬಟ್ಟೆ. ಮುಂಬಾಗಿಲ ಲಿಫ್ಟಿನಲ್ಲಿ ಹೋಗಲು ಅವರಿಗೆ ಅಪ್ಪಣೆಯಿಲ್ಲ. ಕೈಯಲ್ಲಿ ಹೂಬಿಟ್ಟ ಕುಂಡವಿದ್ದು ಮೇಲೆ ವಿದೇಶದ ಅತಿಥಿಗಳು ಕಾದಿದ್ದರೆ ಮಾತ್ರ ಕಾವಲುಗಾರ ತಾನೇ ಗುಂಡಿ ಒತ್ತಿ ಒಳಗೆ ಬಿಡುತ್ತಾನೆ.

ಮೂರು ಮಹಡಿ, ಎಪ್ಪತ್ತು ಕುಂಡ. ಎಲ್ಲವೂ ಬ್ರೊಮೀಲಿಯಾಡ್ ಎಂಬ ಜಾತಿಯವು, ಅನಾನಸಿನ ನೆಂಟರು. ಪಟ್ಟಿಯಂಥ ಹಸಿರೆಲೆಗಳ ನಡುವೆ ಕುಂಕುಮಗೆಂಪು, ಕಿತ್ತಳೆ, ಹಳದಿಯ ಕೊಂಡೆ ಏಳುತ್ತದೆ. ನೋಡುವವರು ಅದನ್ನು ಹೂವೆನ್ನುತ್ತಾರೆ, ಆದರೆ ಅದು ಬಣ್ಣದ ಎಲೆ. ನಿಜವಾದ ಹೂ ಅದರ ಸಂದಿಯಲ್ಲಿ ಸಣ್ಣಗೆ ಇಣುಕಿ ಬಾಡುತ್ತದೆ. ಕೆಂಪು ಮಾತ್ರ ತಿಂಗಳುಗಟ್ಟಲೆ ನಿಲ್ಲುತ್ತದೆ. ಎಲೆಗಳು ಬುಡದಲ್ಲಿ ಒಂದನ್ನೊಂದು ಅಪ್ಪಿ ಬಟ್ಟಲಿನಂತಾಗುತ್ತವೆ. ಗಿಡ ನೀರು ಕುಡಿಯುವುದು ಆ ಬಟ್ಟಲಿನಿಂದ. ಚನ್ನಮ್ಮ ಇಟ್ಟ ಹೆಸರು ತಂಬಿಗೆ ಗಿಡ.

"ಮೊದಲ ನಂಗೂ ತಿಳೀಲಿಲ್ರಿ. ತುಳಸಿಗೆ ಹಾಕಿದಂಗ ಬುಡಕ್ಕ ಕೊಡಗಟ್ಟಲೆ ಸುರದೆ. ಒಂದ ಸಾಲ ಪೂರಾ ಕೊಳೆತು ಹೋತು," ಎಂದು ನಗುತ್ತಾರೆ. "ಇದರ ಹೊಟ್ಯಾಗ ನೀರ ಇರಬೇಕು, ಕಾಲಾಗ ಅಲ್ಲ. ಬೇರು ಏನಿದ್ರೂ ಹಿಡಕೊಂಡು ನಿಲ್ಲಾಕ ಅಷ್ಟ."

ಪ್ರತಿ ಕುಂಡದ ಮುಂದೆ ಅವರು ಮೊದಲು ಬಗ್ಗಿ ಬಟ್ಟಲನ್ನು ಇಣುಕುತ್ತಾರೆ. ವಾರಕ್ಕೊಮ್ಮೆ ಕುಂಡ ಓರೆಮಾಡಿ ಹಳೆಯ ನೀರು ಚೆಲ್ಲಬೇಕು, ಇಲ್ಲವಾದರೆ ನಾರುತ್ತದೆ, ಸೊಳ್ಳೆ ಮೊಟ್ಟೆಯಿಡುತ್ತದೆ. ನಲ್ಲಿ ನೀರು ಎಲೆಯ ಮೇಲೆ ಬಿಳಿ ಕಲೆ ಬಿಡುವುದರಿಂದ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಡುತ್ತಾರೆ. ಕುಂಡಗಳನ್ನು ಕಿಟಕಿಯ ಬೆಳಕು ತಾಗುವಷ್ಟು ಹತ್ತಿರ, ಬಿಸಿಲು ಸುಡದಷ್ಟು ದೂರ ಸರಿಸುತ್ತಾರೆ. ಎ.ಸಿ.ಯ ಒಣಗಾಳಿ ಬಡಿಯುವವಕ್ಕೆ ತುಂತುರು ಹೊಡೆಯುತ್ತಾರೆ. ಇಂದು ಒಂದು ಬಟ್ಟಲಿನಲ್ಲಿ ಕಾಫಿಯಿದೆ. ಪಕ್ಕದ ಮೇಜಿನ ಶ್ರೀರಕ್ಷಾ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಕೋಲ್ಕತ್ತೆಯಲ್ಲೇ ಬೆಳೆದ ಕನ್ನಡದ ಹುಡುಗಿ.

"ಸಾರಿ ಆಂಟಿ, ನಾನಲ್ಲ, ಪ್ರಾಮಿಸ್! ನೈಟ್ ಶಿಫ್ಟ್‌ನವರು ಡಸ್ಟ್‌ಬಿನ್ ಅನ್ಕೊಂಡಿದ್ದಾರೆ."

"ನೈಟ್ ಶಿಫ್ಟಿನವರಿಗೆ ಹೇಳವಾ, ಗಿಡಕ್ಕ ನಿದ್ದಿ ಬರಬೇಕು, ಕಾಫಿ ಬ್ಯಾಡ ಅಂತ," ಎಂದು ಚನ್ನಮ್ಮ ಕುಂಡ ಎತ್ತಿ ಬಚ್ಚಲಿಗೆ ಒಯ್ಯುತ್ತಾರೆ.

ಅವರ ಊರು ಧಾರವಾಡದ ಪಕ್ಕದ ಹೆಬ್ಬಳ್ಳಿ. ಗಂಡ ಹೊನ್ನಪ್ಪ ರೈಲ್ವೆಯಲ್ಲಿ ಫಿಟ್ಟರ್. ಹುಬ್ಬಳ್ಳಿಯಿಂದ ಸಿಯಾಲ್ದಾಕ್ಕೆ ವರ್ಗವಾಗಿ ಬಂದು ಹದಿನೈದು ವರ್ಷವಾಯಿತು. ನಾರ್ಕೇಲ್‌ಡಾಂಗಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ಇವರದು ಮೇಲಿನ ಮಹಡಿ. ಈ ಕೆಲಸ ಸಿಕ್ಕಿದ್ದು ಕನ್ನಡ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ. ಎದುರು ಕುಳಿತಿದ್ದ ಬದರಿನಾಥ ಮೈಸೂರು ಕಡೆಯವರು. ತಂದೆ ಬ್ಯಾಂಕಿನ ನೌಕರಿಗೆಂದು ಬಂದವರು, ಮಗ ಬಿಬಿಡಿ ಬಾಗ್‌ನ ಗಲ್ಲಿಯೊಂದರಲ್ಲಿ ಕಚೇರಿ ಮಾಡಿಕೊಂಡು ಐಟಿ ಕಂಪನಿಗಳಿಗೆ ಗಿಡಗಳನ್ನು ಬಾಡಿಗೆಗೆ ಕೊಡುತ್ತಾರೆ. ಆ ವ್ಯಾನಿನ ಗುತ್ತಿಗೆದಾರರು ಇವರೇ. "ನಮ್ಮವರೇ ಇದ್ದರೆ ನಂಬಿಕೆ," ಎಂದು ಅಲ್ಲೇ ಹೋಳಿಗೆ ಮುರಿಯುತ್ತ ಕೆಲಸಕ್ಕೆ ಕರೆದರು. ಆಗ ನಗರದಲ್ಲಿ ತಿಂಗಳಿಗೊಂದು ಹೊಸ ಗಾಜಿನ ಕಟ್ಟಡ ಏಳುತ್ತಿತ್ತು, ಪ್ರತಿ ಕಟ್ಟಡದ ಬಾಗಿಲಿಗೂ ಒಂದಿಷ್ಟು ಬಣ್ಣ ಬೇಕಿತ್ತು.

ಬಾಡಿಗೆಯ ಕರಾರಿನಲ್ಲಿ ಗಿಡಗಳಿಗೆ ಸರದಿಯ ಮೇಲೆ ವಿಶ್ರಾಂತಿ ಕೊಡಬೇಕೆಂದಿದೆ. ಗಿಡ ನೋಡುವವರ ವಿಶ್ರಾಂತಿಯ ಬಗ್ಗೆ ಕರಾರು ಏನನ್ನೂ ಹೇಳುವುದಿಲ್ಲ. ಕಳೆದ ವರ್ಷ ಜ್ವರ ಬಂದು ಮಲಗಿದ ದಿನಗಳಲ್ಲಿ ಚನ್ನಮ್ಮನವರ ಬದಲಿಗೆ ಹೊನ್ನಪ್ಪನೇ ಡ್ಯೂಟಿ ಮುಗಿಸಿ ಬಂದು ನೀರು ಹಾಕಿದ್ದಾರೆ. "ಇಕಿ ನನಗ ನೀರ ಕೊಡೂದ ಮರೀತಾಳ, ಗಿಡಕ್ಕ ಮರಿಯಂಗಿಲ್ರಿ," ಎನ್ನುವುದು ಹೊನ್ನಪ್ಪನ ಖಾಯಂ ದೂರು.

ತಂಬಿಗೆ ಗಿಡ ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ. ಕೆಂಪು ಮಾಸತೊಡಗಿದ ದಿನ ಕಚೇರಿಯವರು ಅದನ್ನು ಕಸಕ್ಕೆ ಹಾಕಿಸುತ್ತಾರೆ. ಆದರೆ ಅದು ಸತ್ತಿರುವುದಿಲ್ಲ. ಸಾಯಲು ಅದಕ್ಕೆ ಇನ್ನೂ ವರ್ಷ ಬೇಕು, ಆ ವರ್ಷದಲ್ಲೇ ಅದು ಬುಡದಲ್ಲಿ ಮರಿ ಹಾಕುವುದು. ಚನ್ನಮ್ಮ ಕಸದ ಗಾಡಿಯವನಿಗೆ ಹೇಳಿ ಅಂಥ ತಾಯಿಗಿಡಗಳನ್ನು ಚೀಲದಲ್ಲಿ ಮನೆಗೆ ಹೊತ್ತು ತಂದರು. ಬದರಿನಾಥರು ಆಗ "ಕಸ ತಾನೇ, ಒಯ್ಯಿರಿ" ಎಂದಿದ್ದರು. ಮರಿ ತಾಯಿಯ ಅರ್ಧದಷ್ಟು ಎತ್ತರಕ್ಕೆ ಬಂದ ಮೇಲೆ ಕೊಯ್ದು, ತೆಂಗಿನ ನಾರು, ಇದ್ದಿಲು, ಒಂದು ಹಿಡಿ ಮರಳು ಬೆರೆಸಿದ ಕುಂಡದಲ್ಲಿ ನೆಟ್ಟರು. ಹಳೆಯ ಸೀರೆಗಳನ್ನು ಬಿದಿರಿಗೆ ಬಿಗಿದು ನೆರಳು ಮಾಡಿದರು. ವ್ಯಾನು ಎತ್ತಿಕೊಂಡು ಹೋದದ್ದು ಹೀಗೆ ಬೆಳೆದವನ್ನು. ತೀರ ಎಳೆಯವೆಂದು ಬಿಟ್ಟುಹೋದ ಹನ್ನೊಂದು ಮರಿಗಳು ಈಗಲೂ ಅದೇ ಸೀರೆಗಳ ಕೆಳಗಿವೆ.

ಭಾನುವಾರ ಬೆಳಿಗ್ಗೆ ಬದರಿನಾಥರು ಏದುಸಿರು ಬಿಡುತ್ತ ತಾರಸಿ ಹತ್ತಿ ಬರುತ್ತಾರೆ. ಕೈಯಲ್ಲಿ ಒಂದು ಚೀಲ ಸೇಬು.

"ಏನ್ರೀ ಚನ್ನಮ್ಮ, ಬೆಟ್ಟ ಹತ್ತಿದ ಹಾಗಾಯ್ತಲ್ಲ! ನೋಡಿ, ಹೊಸ ವರ್ಷಕ್ಕೆ ನಾಲ್ಕನೇ ಮಹಡಿ ಶುರುವಾಗುತ್ತೆ. ಅಮೆರಿಕದಿಂದ ಜನ ಬರ್ತಾರೆ. ಸ್ವಾಗತದ ಮೇಜಿನ ಸುತ್ತ ಇವನ್ನೇ ಇಡೋದು. ಒಂದೊಂದಕ್ಕೆ ಒಂದು ಸೇಬು ಇಟ್ಟು ಪ್ಲಾಸ್ಟಿಕ್ ಕವರ್ ಕಟ್ಟಿ. ನಿಮಗೆ ಗೊತ್ತಿರೋ ಕೆಲಸಾನೇ."

ಗೊತ್ತಿರುವ ಕೆಲಸವೇ ಹೌದು. ಮಾಗಿದ ಸೇಬಿನಿಂದ ಹೊರಡುವ ಗಾಳಿ ಗಿಡವನ್ನು ಹೂವಿಗೆ ಎಬ್ಬಿಸುತ್ತದೆ. ಕೊಂಡೆ ಏಳಲು ಹಟಮಾಡುವ ದೊಡ್ಡ ಗಿಡಗಳಿಗೆ ಚನ್ನಮ್ಮ ಎಷ್ಟೋ ಸಲ ಹೀಗೆ ಕಟ್ಟಿದ್ದಾರೆ.

"ಬೆಳದದ್ದಕ್ಕ ಕಟ್ಟೇನಿ, ಇಲ್ಲನ್ನಂಗಿಲ್ರಿ. ಇವು ಇನ್ನಾ ಕೂಸು. ಎರಡ ವರ್ಷ ತಡೀರಿ."

"ಎರಡು ವರ್ಷ ಅಮೆರಿಕದವರು ಬಾಗಿಲಲ್ಲಿ ನಿಂತಿರ್ತಾರಾ? ಹೂ ಬರುತ್ತೋ ಇಲ್ವೋ, ಅಷ್ಟು ಹೇಳಿ."

"ಬರಬಹುದು. ಕಡ್ಡಿಯಂಥಾದ್ದು ಬರ್ತೈತಿ. ಆಮ್ಯಾಲ ಮರಿ ಹಾಕಾಕ ಕಸುವ ಇರಂಗಿಲ್ಲ. ಅಲ್ಲಿಗೆ ವಂಶ ಮುಗೀತು."

"ಮುಗೀಲಿ ಬಿಡಿ. ಪುಣೆಯಿಂದ ಬೇರೆ ತರಿಸೋಣ. ಗಿಡಕ್ಕೆ ಇಷ್ಟು ಮಾತಾ?"

"ಹಂಗಾದ್ರ ಪುಣೆದಿಂದನ ತರಿಸ್ರಲ್ಲಾ ಈಗ."

ಬದರಿನಾಥರ ಮುಖದ ನಗೆ ಇಳಿಯುತ್ತದೆ. ಊಟದ ಪಂಕ್ತಿಯ ಮಾತು ಎತ್ತುತ್ತಾರೆ. ಬಂಗಾಳದಲ್ಲಿ ಕೆಲಸ ಕೇಳಿಕೊಂಡು ಬರುವವರಿಗೆ ಬರವಿಲ್ಲ, ನಮ್ಮವರು ಎಂದು ತಾನು ಕರೆದದ್ದು ತಪ್ಪಾಯಿತೇ ಎನ್ನುತ್ತಾರೆ. ಹೊನ್ನಪ್ಪನಿಗೆ ಇನ್ನೆಷ್ಟು ವರ್ಷ ಸರ್ವಿಸ್ ಉಳಿದಿದೆ ಎಂದೂ ಕೇಳುತ್ತಾರೆ. ಕಡೆಗೆ ಸ್ಪಷ್ಟವಾಗಿಯೇ ಹೇಳುತ್ತಾರೆ: ಇವತ್ತು ಕಟ್ಟದಿದ್ದರೆ ನಾಳೆ ಗೇಟಿನಲ್ಲಿ ನಿಮ್ಮ ಪಾಸು ನಡೆಯುವುದಿಲ್ಲ.

ಚನ್ನಮ್ಮ ಕೈಯಲ್ಲಿದ್ದ ಬಟ್ಟೆ ಹಿಂಡಿ ತಂತಿಯ ಮೇಲೆ ಹರವುತ್ತಾರೆ.

"ಪಾಸು ನಿಮ್ಮದು, ತಗೋರಿ. ಆ ಮೂವತ್ತು ಒಯ್ದಾಗ ನಾ ಮನ್ಯಾಗ ಇರಲಿಲ್ಲ. ಇವತ್ತ ಅದೀನಿ."

"ಕೊನೇ ಸಲ ಹೇಳ್ತಿದ್ದೀನಿ, ಕಟ್ಟಿ."

"ನಾ ಕಟ್ಟಂಗಿಲ್ಲ, ಸಾಹೇಬ್ರ. ಕಟ್ಟಾಕ ಬ್ಯಾರೇದವ್ರನ್ನ ಕರಕೊಂಡು ಬಂದ್ರೂ ಮುಟ್ಟಗೊಡಂಗಿಲ್ಲ."

"ಹಾಗಾದ್ರೆ ಪಕ್ಕಕ್ಕೆ ಸರೀರಿ. ನಾನೇ ಕಟ್ತೀನಿ."

ಬದರಿನಾಥರು ಸೀರೆಯ ನೆರಳಿನ ಕಡೆ ಒಂದು ಹೆಜ್ಜೆ ಇಡುತ್ತಾರೆ. ಚನ್ನಮ್ಮ ಸರಿಯುವುದಿಲ್ಲ.