ಅಚ್ಚಿನ ಯಂತ್ರದ ಪಕ್ಕ ಹಾಡಿದ ರೆಕಾರ್ಡು

ವಜ್ರ ಉಜ್ಜುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಂಗೈ ಅಕ್ಕ ಎನ್ನುತ್ತಿದ್ದರು. ಕಬ್ಬಿಣದ ಚಕ್ರ ತಿರುಗುವ ಮೇಜಿಗೆ ಅಂಗೈ ಊರಿ, "ಅಲುಗ್ತಾ ಇದೆ, ನಿಲ್ಲಿಸ್ರೋ!" ಎಂದು ಕೂಗಿದಳೆಂದರೆ ಚಕ್ರ ನಿಲ್ಲಲೇಬೇಕು. ಅದು ಕೂದಲೆಳೆಯಷ್ಟು ನಡುಗಿದರೂ ಕಲ್ಲಿನ ಮೇಲೆ ಗೀರು ಬೀಳುತ್ತದೆ. ಗೀರು ಬಿದ್ದ ವಜ್ರವನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಅಂಥ ಕಾರ್ಖಾನೆಗೆ ಬೀಗ ಬಿತ್ತು. ಗಣಿಯಲ್ಲಿ ಕಲ್ಲಿಗೇನೂ ಬರ ಬಂದಿರಲಿಲ್ಲ. ದೊಡ್ಡ ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು, ಬೆಲೆ ಏರಲೆಂದು ಕಚ್ಚಾ ವಜ್ರವನ್ನೆಲ್ಲ ತಿಜೋರಿಯಲ್ಲಿ ಕೂಡಿಹಾಕಿದ್ದರು. ಅಂಗಡಿಗಳಲ್ಲಿ ಉಂಗುರ ದುಬಾರಿಯಾಯಿತು, ಉಜ್ಜುವವರು ಬೀದಿಗೆ ಬಿದ್ದರು.

ಮನೆಯಲ್ಲಿ ಬೇರೆಯೇ ರಗಳೆ. ಅವಳೂ ಅವಳ ಮಾವನೂ ಇದ್ದದ್ದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿ. ಕೆಳಗೆ ಯಂತ್ರ ಶುರುವಾದರೆ ಮೇಲೆ ನೆಲವೆಲ್ಲ ಗುಂಯ್ ಎನ್ನುತ್ತಿತ್ತು. ಮಾವನ ರೆಕಾರ್ಡ್ ಪ್ಲೇಯರಿನ ಮುಳ್ಳು ಎಗರುತ್ತಿತ್ತು.

"ನೋಡಮ್ಮ, ಮೊದಲ್ನೇ ಸಾಲಿಂದ ಸೀದಾ ಕೊನೇ ಸಾಲಿಗೆ ಹಾರ್ತು! ಇದನ್ನ ಹಾಡು ಅಂತಾರಾ?"

ಅವಳು ಪ್ಲೇಯರಿನ ಮೇಲೆ ಅಂಗೈ ಇಟ್ಟಳು. ಹಳೆಯ ಪರಿಚಯದ ನಡುಕವೇ! ಮುಳ್ಳಿನ ತುದಿಯಲ್ಲಿದ್ದದ್ದೂ ವಜ್ರದ ಚೂರೇ.

"ಇದು ನನ್ನ ಕಸುಬು ಮಾವ, ನಂಗೆ ಬಿಡಿ."

ಮೊದಲು ಅದರಡಿ ಸ್ಪಂಜು ಹಾಕಿದಳು. ಪ್ಲೇಯರು ದೋಣಿಯಂತೆ ತೂಗಾಡಿತು. ಗಟ್ಟಿ ರಬ್ಬರು ಹಾಕಿದಳು. ನಡುಕ ಹಾಗೇ ಹತ್ತಿ ಬಂತು. ಮಾವ ಕಿಸಕ್ಕನೆ ನಕ್ಕರು. ಕೊನೆಗೆ ಕಾರ್ಖಾನೆಯ ಮೇಜಿನಡಿ ಇದ್ದ ಹಾಗೆ ಬೆಂಡು, ಮೆತ್ತನೆ ರಬ್ಬರುಗಳನ್ನು ಪದರವಾಗಿ ಜೋಡಿಸಿ, ಮೇಲೆ ಭಾರದ ಕಲ್ಲುಚಪ್ಪಡಿ ಕೂರಿಸಿ, ಅದರ ಮೇಲೆ ಪ್ಲೇಯರು ಇಟ್ಟಳು. ಅಂದು ಹಾಡು ಎಲ್ಲೂ ತಪ್ಪಲಿಲ್ಲ. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

ಸುದ್ದಿ ಕೇಳಿ ರೇಡಿಯೊ ಅಂಗಡಿಯವಳು ಬಂದಳು. "ಇಂಥವು ಬೇಕಾದಷ್ಟು ನೋಡಿದೀನಿ ಬಿಡ್ರಿ" ಎಂದು ಮೂಗು ಮುರಿದಳು.

"ಹಾಗಾದ್ರೆ ಕೆಳಗೆ ಬನ್ನಿ."

ಅಂಗೈ ಅಕ್ಕ ತಾನು ಜೋಡಿಸಿದ ಚಪ್ಪಡಿಯ ಪೀಠವನ್ನು ಅಚ್ಚಿನ ಯಂತ್ರದ ಪಕ್ಕದಲ್ಲೇ ಇಟ್ಟು, ಪ್ಲೇಯರು ಕೂರಿಸಿ, ಅಂಗಡಿಯವಳ ಕಿವಿಗೆ ಹೆಡ್‌ಫೋನ್ ಹಾಕಿದಳು. ಯಂತ್ರ ಅಬ್ಬರಿಸಿತು. ಕಿಟಕಿಗಳು ಗಡಗಡ ಎಂದವು, ಶಾಯಿ ಡಬ್ಬಿಗಳು ಕುಣಿದವು. ಅಂಗಡಿಯವಳ ತಲೆ ಮೆಲ್ಲಗೆ ತಾಳಕ್ಕೆ ತೂಗತೊಡಗಿತು.

"ಒಂದು ಸಲಾನೂ ಎಗರ್ಲಿಲ್ಲ ಕಣ್ರೀ!" ಎಂದು ಆಕೆ ಕಿರುಚಿದಳು. ಅಚ್ಚಿನವರು ಕೆಲಸ ಬಿಟ್ಟು ಶಿಳ್ಳೆ ಹೊಡೆದರು. "ನಮ್ಮಂಗಡಿಗೆ ಎಷ್ಟು ಮಾಡಿಕೊಡ್ತೀರಿ?"

"ನಮ್ಮೋರೆಲ್ಲ ಸೇರಿದ್ರೆ ನೀವು ಕೇಳಿದಷ್ಟು."

ಹಳೆಯ ಜೊತೆಗಾರರೆಲ್ಲ ಬಂದರು. ವಜ್ರ ಉಜ್ಜಿದ ಕೈಗಳು ಚಪ್ಪಡಿ ನಯ ಮಾಡಿದವು, ಸ್ಪೀಕರುಗಳಿಗೂ ಪೀಠ ಕಟ್ಟಿದವು. ಊರಾಚೆಯಿಂದಲೂ ಬೇಡಿಕೆ ಬಂತು.

ಕೆಲವು ತಿಂಗಳಾದ ಮೇಲೆ ಕಾರ್ಖಾನೆಯ ಧಣಿ ಪೀಠ ಕಟ್ಟುವ ಕೋಣೆಯ ಬಾಗಿಲಲ್ಲಿ ನಿಂತ. "ವ್ಯಾಪಾರಿಗಳು ಕಲ್ಲು ಹೊರಗೆ ಬಿಟ್ಟಿದಾರೆ. ನಾಳೆಯಿಂದ ಎಲ್ಲರೂ ಬನ್ನಿ."

"ಅವರು ಮತ್ತೆ ತಿಜೋರಿ ಮುಚ್ಚಿದ್ರೆ?" ಎಂದಳು ಅಂಗೈ ಅಕ್ಕ.

ಧಣಿ ಕಾರ್ಖಾನೆಯ ಬೀಗದ ಕೈಯನ್ನು ಜೇಬಿಗೆ ಇಳಿಸಿದ.

"ಹೋಗೋರು ಹೋಗ್ಬಹುದು, ನಂಗೇನೂ ಬೇಜಾರಿಲ್ಲ" ಎಂದು ಅವಳು ಜೊತೆಗಾರರತ್ತ ತಿರುಗಿದಳು. ಒಬ್ಬರೂ ಏಳಲಿಲ್ಲ. ಅವಳ ಎದೆ ತುಂಬಿ ಬಂತು.

ಧಣಿ ಹೊರಡುವ ಮುಂಚೆ ಒಂದು ಪೀಠವನ್ನು ಸವರಿ ನೋಡಿದ. "ಇದೊಂದು... ನಮ್ಮನೆಗೂ ಬೇಕಿತ್ತಲ್ಲ."

"ಕೊಡೋಣಂತೆ. ಆದ್ರೆ ಸಾಲಲ್ಲಿ ನಿಮ್ಮ ಮುಂದೆ ಬಹಳ ಜನ ಇದಾರೆ!"

ಇಡೀ ಕೋಣೆ ಗೊಳ್ಳೆಂದಿತು.